ಪೈಲ್ ಕ್ಯಾಪ್: ಕಾಂಕ್ರೀಟಿನೊಳಗಿನ ತ್ರಿಕೋನ

ಮೆದು ಮಣ್ಣಿನ ಮೇಲೆ ದೊಡ್ಡ ಕಟ್ಟಡ ನಿಲ್ಲಬೇಕಾದರೆ ಅದರ ಭಾರವನ್ನು ನೆಲದ ಆಳಕ್ಕೆ ಸಾಗಿಸಬೇಕು. ಇದಕ್ಕಾಗಿ ಭೂಮಿಯೊಳಗೆ ಇಳಿಸುವ ಉದ್ದನೆಯ ಗೂಟಗಳೇ ಪೈಲ್‌ಗಳು. ಕಟ್ಟಡದ ಒಂದು ಕಂಬದ ಭಾರವನ್ನು ಹಲವು ಪೈಲ್‌ಗಳಿಗೆ ಹಂಚುವ ದಪ್ಪನೆಯ ಕಾಂಕ್ರೀಟ್ ದಿಮ್ಮಿಗೆ ಪೈಲ್ ಕ್ಯಾಪ್ ಎನ್ನುತ್ತಾರೆ.

ಹಂಚುವ ಉಪಾಯ ಹಳೆಯದು. ವೆನಿಸ್ ನಗರದಲ್ಲಿ ಒತ್ತೊತ್ತಾಗಿ ಹೊಡೆದ ಮರದ ಗೂಟಗಳ ತಲೆಯ ಮೇಲೆ ಹಲಗೆಗಳನ್ನು ಹಾಸಿ, ಅದರ ಮೇಲೆ ಕಲ್ಲಿನ ಕಟ್ಟಡ ಎಬ್ಬಿಸುತ್ತಿದ್ದರು. ಹಲಗೆಯ ಜಾಗಕ್ಕೆ ಕಾಂಕ್ರೀಟ್ ಬಂದ ಮೇಲೆ ಹೊಸ ಪ್ರಶ್ನೆ ಎದ್ದಿತು: ದಿಮ್ಮಿಯೊಳಗೆ ಬಲ ಯಾವ ದಾರಿ ಹಿಡಿಯುತ್ತದೆ? ಉಕ್ಕಿನ ಸರಳುಗಳನ್ನು ಎಲ್ಲಿಡಬೇಕು?

ಬಿರುಕುಬಿಟ್ಟ ಕಾಂಕ್ರೀಟ್ ತೊಲೆ ಟ್ರಸ್‌ನಂತೆ ವರ್ತಿಸುತ್ತದೆ ಎಂದು ಸ್ವಿಟ್ಜರ್‌ಲೆಂಡಿನ ರಿಟ್ಟರ್ 1899ರಲ್ಲೇ ಸೂಚಿಸಿದ್ದರು. ಜರ್ಮನಿಯ ಮೋರ್ಶ್ ಆ ವಿಚಾರವನ್ನು ಬೆಳೆಸಿದರು. ಆದರೂ ಪೈಲ್ ಕ್ಯಾಪನ್ನು ಸಾಮಾನ್ಯ ತೊಲೆಯಂತೆ ಲೆಕ್ಕಹಾಕಿ, ಸರಳುಗಳನ್ನು ತಳದುದ್ದಕ್ಕೂ ಸಮನಾಗಿ ಹರಡುವ ರೂಢಿ ಬಹುಕಾಲ ಉಳಿಯಿತು.

ಎರಡು ಪೈಲ್‌ಗಳ ಕ್ಯಾಪನ್ನು ಗಮನಿಸಿ. ಕಂಬದ ಭಾರ ಎರಡು ಓರೆ ದಾರಿಗಳಲ್ಲಿ ಪೈಲ್‌ಗಳಿಗೆ ಇಳಿಯುತ್ತದೆ. ಅಲ್ಲಿ ಕಾಂಕ್ರೀಟಿನ ಮೇಲೆ ಸಂಪೀಡನ. ಮಡಚುವ ಏಣಿಯ ಕಾಲುಗಳು ಜಾರುವಂತೆ ಈ ಓರೆಗಳ ತುದಿಗಳೂ ಹೊರಕ್ಕೆ ಸರಿಯಲು ನೋಡುತ್ತವೆ. ಅವನ್ನು ಹಿಡಿದಿಡುವುದು ತಳದ ಉಕ್ಕು, ಅದರಲ್ಲಿ ಕರ್ಷಣ. ಕಂಬದ ಭಾರ 2000 ಕಿಲೋನ್ಯೂಟನ್, ಪೈಲ್‌ಗಳ ಅಂತರ 1.8 ಮೀಟರ್, ತ್ರಿಕೋನದ ಎತ್ತರ 0.9 ಮೀಟರ್ ಎನ್ನಿ. ಆಗ ಓರೆಯ ಕೋನ 45 ಡಿಗ್ರಿ, ಉಕ್ಕಿನ ಕರ್ಷಣ 1000 ಕಿಲೋನ್ಯೂಟನ್. ಎತ್ತರವನ್ನು ಅರ್ಧಕ್ಕಿಳಿಸಿದರೆ ಕರ್ಷಣ ಇಮ್ಮಡಿಯಾಗುತ್ತದೆ. ಕ್ಯಾಪ್ ಅಷ್ಟು ದಪ್ಪವಿರುವುದು ಇದಕ್ಕೇ.

ಈ ಚಿತ್ರವನ್ನು ಪ್ರಯೋಗಗಳು ಒರೆಗೆ ಹಚ್ಚಿದವು. 1967ರಲ್ಲಿ ಫ್ರಾನ್ಸಿನ ಬ್ಲೆವೊ ಮತ್ತು ಫ್ರೆಮಿ ಹಲವಾರು ಕ್ಯಾಪ್‌ಗಳನ್ನು ಮುರಿಯುವವರೆಗೂ ಒತ್ತಿ ನೋಡಿದರು. 1973ರಲ್ಲಿ ಇಂಗ್ಲೆಂಡಿನ ಕ್ಲಾರ್ಕ್ ನಾಲ್ಕು ಪೈಲ್‌ಗಳ 15 ಕ್ಯಾಪ್‌ಗಳನ್ನು ಪರೀಕ್ಷಿಸಿದರು. ಅಷ್ಟೇ ಉಕ್ಕನ್ನು ಹರಡುವ ಬದಲು ಪೈಲ್‌ಗಳ ನೇರದಲ್ಲಿ ಗುಂಪಾಗಿಸಿದಾಗ ಸಾಮರ್ಥ್ಯ ಸುಮಾರು ಶೇ. 25 ಹೆಚ್ಚಿತು! 1990ರಲ್ಲಿ ಅಡೆಬಾರ್, ಕುಚ್ಮಾ ಮತ್ತು ಕಾಲಿನ್ಸ್ ಪ್ರಕಟಿಸಿದ ದೊಡ್ಡ ಕ್ಯಾಪ್‌ಗಳ ಪರೀಕ್ಷೆಗಳೂ ತ್ರಿಕೋನದ ಪರವಾಗಿಯೇ ಇದ್ದವು.

ಹಾಗೆಂದು ನಡುಭಾಗವನ್ನು ಬರಿದಾಗಿಡುವಂತಿಲ್ಲ. ಬಿರುಕು ತಡೆಯಲು ಅಲ್ಲೂ ಸರಳು ಬೇಕು. ಸರಳಿನ ತುದಿಗಳು ಪೈಲ್‌ಗಳ ಆಚೆಗೂ ಚಾಚಿ ಕಾಂಕ್ರೀಟನ್ನು ಗಟ್ಟಿಯಾಗಿ ಕಚ್ಚಿರಬೇಕು. ನೆಲ ಕೊರೆದು ಎರಕಹೊಯ್ದ ಪೈಲ್‌ಗಳ ತಲೆಯಲ್ಲಿ ಮಣ್ಣು ಬೆರೆತ ದುರ್ಬಲ ಕಾಂಕ್ರೀಟ್ ಇರುವುದರಿಂದ ಅದನ್ನು ಒಡೆದು ತೆಗೆದು, ಒಳಗಿನ ಸರಳುಗಳನ್ನು ಕ್ಯಾಪಿಗೆ ಸೇರಿಸಬೇಕು. ಒಮ್ಮೆ ಕಾಂಕ್ರೀಟ್ ಸುರಿದರೆ ಒಳಗಿನ ತಪ್ಪು ಕಣ್ಣಿಗೆ ಬೀಳದು. ಭಾರಕ್ಕೆ ಮಾತ್ರ ಅದು ಗೊತ್ತಾಗುತ್ತದೆ.

ತರಗತಿಯಲ್ಲಿ ಎರಡು ಅಳತೆಪಟ್ಟಿಗಳನ್ನು ಗುಡಾರದಂತೆ ನಿಲ್ಲಿಸಿ, ಬುಡಗಳನ್ನು ದಾರದಿಂದ ಕಟ್ಟಿ ಮೇಲಿನಿಂದ ಒತ್ತಿ. ದಾರ ಬಿಗಿಯುವುದನ್ನು ಕಂಡ ವಿದ್ಯಾರ್ಥಿಗೆ ಪೈಲ್ ಕ್ಯಾಪಿನ ಅರ್ಧ ಪಾಠ ಮುಗಿದಂತೆ.