ಹ್ಯಾಶ್ ತಾಳೆಯಾದರೆ ಸಾಕೆ?

ಹೆಬ್ಬಾಳ ದಾಟಿ ಮಾನ್ಯತಾ ಟೆಕ್ ಪಾರ್ಕಿಗೆ ಬಂದರೆ ಈಗ ಎಲ್ಲೆಲ್ಲೂ ‘ಎಸ್‌ಬಾಮ್’ ಮಾತು. ಒಂದು ತಂತ್ರಾಂಶದೊಳಗೆ ಯಾವ ಯಾವ ಬಿಡಿಭಾಗಗಳಿವೆ ಎಂದು ತೋರಿಸುವ ಈ ಪಟ್ಟಿಯ ಬಗ್ಗೆ ಭಾರತದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2024ರಲ್ಲಿ ಮಾರ್ಗಸೂಚಿ ಹೊರಡಿಸಿತು. ಪ್ರತಿ ಭಾಗದ ಹ್ಯಾಶ್, ಅಂದರೆ ಕಡತದೊಳಗಿನ ದತ್ತಾಂಶದಿಂದ ಲೆಕ್ಕಹಾಕಿದ ಗುರುತುಸಂಖ್ಯೆ, ನಮೂದಿಸಬೇಕೆಂದೂ ಅದರಲ್ಲಿದೆ. ಒಳ್ಳೆಯದೇ ಆಯಿತು. ಆದರೆ ಹ್ಯಾಶ್ ತಾಳೆಯಾದರೆ ಕಡತ ಸುರಕ್ಷಿತ ಎಂಬ ನಂಬಿಕೆಯೂ ಜೊತೆಗೇ ಬೆಳೆಯುತ್ತಿದೆ. ಹೆಬ್ಬೆಟ್ಟಿನ ಗುರುತು ಆಸಾಮಿ ಯಾರೆಂದು ಹೇಳೀತು, ಅವನ ನಡತೆಯನ್ನಲ್ಲ.

ರೊನಾಲ್ಡ್ ರಿವೆಸ್ಟ್ ಅವರ ಎಂಡಿ5 ಎಂಬ ಹ್ಯಾಶ್ ವಿಧಾನ 1992ರಲ್ಲಿ ಪ್ರಕಟವಾಯಿತು. ಅದೇ ವರ್ಷ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಟ್ರಿಪ್‌ವೈರ್, ಹ್ಯಾಶ್ ಬಳಸಿ ಕಡತ ಬದಲಾದುದನ್ನು ಪತ್ತೆಹಚ್ಚತೊಡಗಿತು. ಮುಂದೆ ಅಮೆರಿಕದ ನಿಸ್ಟ್ ಸಂಸ್ಥೆ ತಂತ್ರಾಂಶ ಕಡತಗಳ ಹ್ಯಾಶ್ ಭಂಡಾರವನ್ನೇ ಕಟ್ಟಿತು. ಜಪ್ತಿಯಾದ ಡಿಸ್ಕಿನಲ್ಲಿ ವಿಂಡೋಸಿನ ಮಾಮೂಲಿ ಕಡತಗಳನ್ನು ಬದಿಗಿಟ್ಟು ಉಳಿದವನ್ನಷ್ಟೇ ನೋಡಲು ತನಿಖೆಗಾರರಿಗೆ ಅದು ಆಸರೆ. ಆ ಭಂಡಾರದಲ್ಲಿ ಹ್ಯಾಕಿಂಗ್ ಸಾಧನಗಳ ಹ್ಯಾಶ್‌ಗಳೂ ಇವೆ. ಅದು ಗೊತ್ತಿರುವ ಕಡತಗಳ ಪಟ್ಟಿಯೇ ಹೊರತು ಒಳ್ಳೆಯವುಗಳ ಪಟ್ಟಿಯಲ್ಲ.

2004ರಲ್ಲಿ ವಾಂಗ್ ಶಿಯಾಯುನ್ ತಂಡ ಎಂಡಿ5ಅನ್ನು ಮುರಿಯಿತು: ಒಂದೇ ಹ್ಯಾಶ್ ಬರುವ ಬೇರೆ ಬೇರೆ ದತ್ತಾಂಶಗಳನ್ನು ತೋರಿಸಿತು. 2017ರಲ್ಲಿ ಮತ್ತೊಂದು ಹ್ಯಾಶ್ ವಿಧಾನ ಎಸ್‌ಎಚ್‌ಎ-1ರ ಸರದಿ. ಆದರೂ ನಮ್ಮ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ವಿದ್ಯುನ್ಮಾನ ಸಾಕ್ಷ್ಯದೊಂದಿಗೆ ಕೊಡುವ ಪ್ರಮಾಣಪತ್ರದಲ್ಲಿ, ಇನ್ನೂ ಗಟ್ಟಿಯಾಗಿರುವ ಎಸ್‌ಎಚ್‌ಎ-256ರ ಪಕ್ಕದಲ್ಲೇ ಈ ಎರಡೂ ಉಳಿದುಕೊಂಡಿವೆ. ಹೊಸ ಕಾನೂನಿನಲ್ಲಿ ಅವಕ್ಕೆ ಜಾಗ ಕೊಡಬಾರದಿತ್ತು.

ಹ್ಯಾಶ್‌ನಿಂದ ತಂತ್ರಾಂಶ ಗುರುತಿಸುವ ಕೆಲಸದಲ್ಲಿ ನಮ್ಮ ತಲೆಮಾರು ಹೆಣಗಿದ್ದು ಪ್ಯಾಕೇಜುಗಳ ಜೊತೆ. ಒಂದೇ ಜಾವಾ ಲೈಬ್ರರಿಯ ಅದೇ ಆವೃತ್ತಿಯನ್ನು ಇಬ್ಬರು ಬೇರೆ ಬೇರೆಯಾಗಿ ಕಟ್ಟಿದರೆ ಹೊರಗಿನ ಜಾರ್ ಕಡತದ ಹ್ಯಾಶ್ ಸಾಮಾನ್ಯವಾಗಿ ಬೇರೆಯಾಗುತ್ತದೆ. ಒಳಗಿನ ಬಹುಪಾಲು ಕಡತಗಳ ಹ್ಯಾಶ್ ಮಾತ್ರ ಒಂದೇ ಇರಬಹುದು. ಹಾಗಾಗಿ ಕಟ್ಟು ಬಿಚ್ಚಿ ಒಳಗಿನವನ್ನು ಒಂದೊಂದಾಗಿ ತಾಳೆ ನೋಡುವುದನ್ನು ಕಲಿತೆವು. ಅಲ್ಲೂ ತೊಡಕು: ಖಾಲಿ ಕಡತದ ಹ್ಯಾಶ್ ಎಲ್ಲೆಡೆ ಒಂದೇ, ಲೈಸೆನ್ಸ್ ಕಡತ ಸಾವಿರಾರು ಪ್ಯಾಕೇಜುಗಳಲ್ಲಿ ಒಂದೇ. ಅಂಥವುಗಳಿಗೆ ತೂಕ ಕೊಟ್ಟರೆ ಗುರುತು ಹಳ್ಳ ಹಿಡಿಯುತ್ತದೆ. ಈ ಜಾಣ್ಮೆ ಇಲ್ಲದೆ ಬರೀ ಹೊರಗಿನ ಹ್ಯಾಶ್ ಹುಡುಕಿ ‘ಅಪರಿಚಿತ’ ಎಂದು ಷರಾ ಬರೆಯುವ ಉಪಕರಣಗಳೂ ಇಂದು ಮಾರಾಟವಾಗುತ್ತಿವೆ.

ಇದಕ್ಕಿಂತ ಆಳಕ್ಕೆ ಇಳಿದವರು ಡೆಬಿಯನ್ ಎಂಬ ಲಿನಕ್ಸ್ ವಿತರಣೆಯವರು. 2013ರಿಂದ ಅವರು ಹಿಡಿದ ಹಾದಿಯಲ್ಲಿ ಒಂದೇ ಮೂಲಸಂಕೇತವನ್ನು ಯಾರು, ಎಲ್ಲಿ ಕಟ್ಟಿದರೂ ಒಂದೇ ಹ್ಯಾಶ್ ಬರಬೇಕು. ಕಡತದೊಳಗೆ ನುಸುಳುವ ದಿನಾಂಕ, ಫೋಲ್ಡರಿನ ಹೆಸರುಗಳನ್ನು ಹೆಕ್ಕಿ ತೆಗೆಯುವುದು ಬೇಸರದ ಕೆಲಸ. ನನ್ನ ಪ್ರಕಾರ ಈ ಕ್ಷೇತ್ರದಲ್ಲಿ ಇದಕ್ಕಿಂತ ದೊಡ್ಡ ಕೆಲಸ ಆಗಿಲ್ಲ. 2024ರ ಮಾರ್ಚಿನಲ್ಲಿ ಕಡತಗಳನ್ನು ಕುಗ್ಗಿಸುವ ‘ಎಕ್ಸ್‌ಜಡ್’ ಪ್ಯಾಕೇಜಿನಲ್ಲಿ ಹಿಂಬಾಗಿಲು ಸಿಕ್ಕಿತು. ಬಿಡುಗಡೆಯಾದ ಕಟ್ಟಿಗೆ ಹ್ಯಾಶ್ ಸರಿಯಾಗಿಯೇ ತಾಳೆಯಾಗುತ್ತಿತ್ತು; ಆದರೆ ಸಾರ್ವಜನಿಕ ಮೂಲಸಂಕೇತದಲ್ಲಿ ಇಲ್ಲದ ಸಾಲುಗಳು ಅದರೊಳಗಿದ್ದವು. ಮೂಲಕ್ಕೂ ಕಟ್ಟಿಗೂ ಇರುವ ನಂಟನ್ನು ಪರೀಕ್ಷಿಸದೆ ಹ್ಯಾಶನ್ನಷ್ಟೇ ನಂಬಿದರೆ ಆಗುವುದು ಇದೇ.

ಇನ್ನು ನಮ್ಮದೇ ಕನ್ನಡ ಟೈಪಿಂಗ್ ತಂತ್ರಾಂಶಗಳ ಸಂಗತಿ. ಕನ್ನಡ ಗಣಕ ಪರಿಷತ್ತಿನ ನುಡಿ, ಶೇಷಾದ್ರಿವಾಸು ಅವರ ಬರಹ ಸಿಡಿಯಿಂದ ಪೆನ್‌ಡ್ರೈವಿಗೆ, ಅಲ್ಲಿಂದ ಆರ್‌.ಟಿ. ನಗರ, ಯಶವಂತಪುರದ ಡಿಟಿಪಿ ಅಂಗಡಿಗಳಿಗೆ ನಕಲಾಗುತ್ತ ಬಂದಿವೆ. ಹೀಗೆ ಕೈಯಿಂದ ಕೈಗೆ ಬಂದ ಸೆಟಪ್ ಕಡತದಲ್ಲಿ ವೈರಸ್ ಸೇರಿದೆಯೇ ಎಂದು ಅಂಗಡಿಯವರು ನೋಡುವುದು ಯಾವುದರೊಡನೆ ತಾಳೆ ಹಾಕಿ? ನಿಮ್ಮ ಮನೆಯಲ್ಲಿ ನುಡಿಯ, ಬರಹದ ಮೂಲ ಸಿಡಿ ಇದ್ದರೆ, ಅದು ಕೆಡುವ ಮೊದಲೇ ಎಸ್‌ಎಚ್‌ಎ-256 ಹ್ಯಾಶ್ ತೆಗೆದು ಆವೃತ್ತಿ, ದಿನಾಂಕದೊಂದಿಗೆ ಬರೆದಿಡಿ. ವಿಂಡೋಸಿನ ‘ಸರ್ಟ್‌ಯುಟಿಲ್’ ಆದೇಶ ಇದಕ್ಕೆ ಸಾಕು.