ಉಷ್ಣವಲಯದ ಮುಳ್ಳುಕಾಡು

ಉಷ್ಣವಲಯದ ಮುಳ್ಳುಕಾಡು ಎಂಬುದು ಮಳೆ ಕಡಿಮೆಯಾಗಿಯೂ ಒಣಹವೆಯ ಅವಧಿ ದೀರ್ಘವಾಗಿಯೂ ಇರುವ ಉಷ್ಣಪ್ರದೇಶಗಳಲ್ಲಿ ಬೆಳೆಯುವ ಒಂದು ಅರಣ್ಯ ಪ್ರಕಾರ. ಗಿಡ್ಡನೆಯ ಮುಳ್ಳುಮರಗಳು, ಪೊದೆಗಳು ಮತ್ತು ಅವುಗಳ ನಡುವಿನ ಹುಲ್ಲುಬಯಲು ಇದರ ಮುಖ್ಯ ಲಕ್ಷಣಗಳು. ಇದನ್ನು ಕುರುಚಲು ಕಾಡು ಎಂದೂ ಕರೆಯುತ್ತಾರೆ. ಕರ್ನಾಟಕದಲ್ಲಿ ವಿಜಯಪುರ, ಬಾಗಲಕೋಟೆ, ಕೊಪ್ಪಳ, ಗದಗ, ರಾಯಚೂರು, ಬಳ್ಳಾರಿ, ಚಿತ್ರದುರ್ಗ ಮೊದಲಾದ ಒಳನಾಡಿನ ಜಿಲ್ಲೆಗಳಲ್ಲಿ ಈ ಕಾಡಿನ ಅವಶೇಷಗಳಿವೆ.

ವರ್ಗೀಕರಣ

ಭಾರತದ ಅರಣ್ಯಗಳನ್ನು ಹ್ಯಾರಿ ಚಾಂಪಿಯನ್ 1936ರಲ್ಲಿ ವರ್ಗೀಕರಿಸಿದರು. ಎಸ್. ಕೆ. ಸೇಠ್ ಅವರೊಡನೆ ಸೇರಿ 1968ರಲ್ಲಿ ಅದನ್ನು ಪರಿಷ್ಕರಿಸಿದರು. ಈ ಪರಿಷ್ಕೃತ ವರ್ಗೀಕರಣದಲ್ಲಿ ಒಟ್ಟು 16 ಅರಣ್ಯ ಗುಂಪುಗಳಿದ್ದು, ಉಷ್ಣವಲಯದ ಮುಳ್ಳುಕಾಡು ಅವುಗಳಲ್ಲಿ ಆರನೆಯದು. ಉಷ್ಣವಲಯದ ಅರಣ್ಯ ಎಂದೊಡನೆ ಸಾಮಾನ್ಯವಾಗಿ ಪಶ್ಚಿಮ ಘಟ್ಟದ ನಿತ್ಯಹರಿದ್ವರ್ಣ ಕಾಡು ನೆನಪಿಗೆ ಬರುತ್ತದೆ. ಆದರೆ ಎಲೆಯುದುರುವ ಕಾಡು ಮತ್ತು ಮುಳ್ಳುಕಾಡುಗಳೂ ಅದೇ ವಲಯಕ್ಕೆ ಸೇರಿದವು. ಇವುಗಳನ್ನು ಪರಸ್ಪರ ಬೇರ್ಪಡಿಸುವ ಮುಖ್ಯ ಅಂಶಗಳೆಂದರೆ ಮಳೆಯ ಪ್ರಮಾಣ ಮತ್ತು ಒಣಗಾಲದ ಉದ್ದ.

ಹವಾಗುಣ ಮತ್ತು ಮಣ್ಣು

ನೈಋತ್ಯ ಮಾನ್ಸೂನ್ ಗಾಳಿಯು ಪಶ್ಚಿಮ ಘಟ್ಟವನ್ನೇರುವಾಗ ತಂಪಾಗಿ ತನ್ನ ತೇವವನ್ನು ಮಳೆಯಾಗಿ ಸುರಿಸುತ್ತದೆ. ಘಟ್ಟದ ಪೂರ್ವಕ್ಕಿಳಿದ ಗಾಳಿ ಬಿಸಿಯಾಗಿ ಒಣಗುತ್ತದೆ. ಇದರಿಂದ ಉಂಟಾಗುವ ಪ್ರದೇಶವನ್ನು ಮಳೆನೆರಳಿನ ಪ್ರದೇಶ ಎನ್ನುತ್ತಾರೆ. ಆಗುಂಬೆಯಲ್ಲಿ ವರ್ಷಕ್ಕೆ ಸುಮಾರು 7,000 ಮಿ.ಮೀ. ಮಳೆ ಬಿದ್ದರೆ ವಿಜಯಪುರದಲ್ಲಿ ಬೀಳುವುದು ಸುಮಾರು 600 ಮಿ.ಮೀ. ಮಾತ್ರ. ಇಲ್ಲಿ ಸೆಪ್ಟೆಂಬರ್ ತಿಂಗಳ ಮಳೆಯೇ ಪ್ರಧಾನವಾದುದು. ಬೇಸಿಗೆಯಲ್ಲಿ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ.

ಭೀಮಾ ಮತ್ತು ಕೃಷ್ಣಾ ನದಿಗಳ ನಡುವಿನ ಇಂಡಿ, ಸಿಂದಗಿ, ಬಸವನ ಬಾಗೇವಾಡಿ ಭಾಗಗಳ ನೆಲದಡಿಯಲ್ಲಿ ಪುರಾತನ ಜ್ವಾಲಾಮುಖಿಯ ಲಾವಾರಸದಿಂದಾದ ಕಪ್ಪುಶಿಲೆ ಹರಡಿದೆ. ಇದು ಸವೆದು ಎರೆಮಣ್ಣು ಉಂಟಾಗಿದೆ. ಮುದ್ದೇಬಿಹಾಳದ ಕಡೆಗೆ, ತಾಳಿಕೋಟೆಯ ಸುತ್ತಮುತ್ತ ಸುಣ್ಣಕಲ್ಲಿನ ಪದರಗಳಿವೆ. ಆಳವಾದ ಎರೆಭೂಮಿಯು ಬಹು ಹಿಂದೆಯೇ ಜೋಳದ ಹೊಲವಾಗಿ ಮಾರ್ಪಟ್ಟಿತು. ಆದ್ದರಿಂದ ಕುರುಚಲು ಕಾಡು ಉಳಿದಿರುವುದು ನೇಗಿಲು ಹೂಡಲಾಗದ ಮಡ್ಡಿ, ಮರಡಿ ಮತ್ತು ಹಳ್ಳದ ದಂಡೆಗಳಲ್ಲಿ. ವಿಜಯಪುರ ಜಿಲ್ಲೆಯ ಭೂಪ್ರದೇಶದಲ್ಲಿ ಅರಣ್ಯಾವರಣವಿರುವುದು ಶೇಕಡಾ 1ಕ್ಕಿಂತ ಕಡಿಮೆ.

ಸಸ್ಯವರ್ಗ

ಜಾಲಿ, ಬಿಳಿಜಾಲಿ, ಬನ್ನಿ, ಬಾರಿ, ಬೇವು, ಕಗ್ಗಲಿ, ಕಮರ ಇಲ್ಲಿನ ಪ್ರಮುಖ ಮರಗಳು. ಪರಗಿ, ಕವಳಿ, ಕಾರೆ, ತಂಗಡಿ ಮತ್ತು ಕಳ್ಳಿ ಪೊದೆಗಳಾಗಿ ಬೆಳೆಯುತ್ತವೆ. ಮಳೆ ಬಿದ್ದ ಕೆಲವೇ ದಿನಗಳಲ್ಲಿ ನೆಲವೆಲ್ಲ ಹುಲ್ಲಿನಿಂದ ಹಸಿರಾಗುತ್ತದೆ.

ಇಲ್ಲಿನ ಸಸ್ಯಗಳ ರಚನೆಯು ನೀರಿನ ಮಿತವ್ಯಯಕ್ಕೆ ಹೊಂದಿಕೊಂಡಿದೆ. ಜಾಲಿ ಮತ್ತು ಬನ್ನಿಯ ಎಲೆಗಳು ಸಣ್ಣ ಸಣ್ಣ ಕಿರುಎಲೆಗಳಾಗಿ ಒಡೆದಿರುವುದರಿಂದ ಬಿಸಿಲಿನಲ್ಲಿ ಹೆಚ್ಚು ಕಾಯುವುದಿಲ್ಲ. ಮುಳ್ಳುಗಳು ಮೇಯುವ ಪ್ರಾಣಿಗಳನ್ನು ತಡೆಯುತ್ತವೆ. ಪಾಪಾಸುಕಳ್ಳಿಯಂಥ ಸಸ್ಯಗಳು ಹಗಲು ತಮ್ಮ ಪತ್ರರಂಧ್ರಗಳನ್ನು ಮುಚ್ಚಿಕೊಂಡು ರಾತ್ರಿ ತೆರೆಯುತ್ತವೆ. ಬನ್ನಿಯ ಬೇರು ಬಹು ಆಳಕ್ಕೆ ಇಳಿಯುತ್ತದೆ; ಆದುದರಿಂದ ಉಳಿದ ಮರಗಳು ಬೋಳಾದಾಗಲೂ ಅದು ಬೇಸಿಗೆಯಲ್ಲಿ ಚಿಗುರುತ್ತದೆ. ಜಾಲಿ ಮತ್ತು ಬನ್ನಿಯ ಬೇರುಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದಿಟ್ಟು ಮಣ್ಣಿನ ಫಲವತ್ತತೆಯನ್ನು ಹೆಚ್ಚಿಸುತ್ತವೆ.

ಪ್ರಾಣಿವರ್ಗ ಮತ್ತು ಆಹಾರ ಸರಪಳಿ

ಕೃಷ್ಣಮೃಗ, ಚಿಂಕಾರ, ತೋಳ, ನರಿ, ಗುಳ್ಳೆನರಿ, ಮೊಲ, ಉಡ, ನವಿಲು ಮತ್ತು ಗೌಜಲಹಕ್ಕಿಗಳು ಈ ಕಾಡಿನ ನಿವಾಸಿಗಳು. ಕಳಿಂಗ ಹಕ್ಕಿಯು ತಾನು ಹಿಡಿದ ಮಿಡತೆ, ಹಲ್ಲಿಗಳನ್ನು ಮುಳ್ಳಿಗೆ ಚುಚ್ಚಿಟ್ಟು ತಿನ್ನುತ್ತದೆ. ಹುಲ್ಲುಬಯಲಿನ ಎರ್ಲಡ್ಡು ಹಕ್ಕಿ ಬರಿಯ ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆಯಿಡುತ್ತದೆ. ಆದ್ದರಿಂದ ಅದರ ಸಂತತಿ ನಿಧಾನವಾಗಿ ಬೆಳೆಯುತ್ತದೆ.

ಬಾರಿ ಮತ್ತು ಪರಗಿಯ ಹಣ್ಣುಗಳನ್ನು ನರಿಗಳೂ ಹಕ್ಕಿಗಳೂ ತಿಂದು ಬೀಜಗಳನ್ನು ದೂರಕ್ಕೆ ಸಾಗಿಸುತ್ತವೆ. ಒಣಹವೆಯಲ್ಲಿ ತರಗೆಲೆ ಕೊಳೆಯುವುದು ನಿಧಾನವಾದ್ದರಿಂದ ಅದನ್ನು ಮಣ್ಣಿಗೆ ಹಿಂದಿರುಗಿಸುವ ಕಾರ್ಯದಲ್ಲಿ ಗೆದ್ದಲುಗಳ ಪಾತ್ರ ದೊಡ್ಡದು. ಅವು ಕೊರೆದ ದಾರಿಗಳಲ್ಲಿ ಮಳೆನೀರು ನೆಲಕ್ಕೆ ಇಂಗುತ್ತದೆ. ಹುತ್ತಗಳು ಹಾವು, ಉಡಗಳಿಗೆ ಆಶ್ರಯ. ಗೆದ್ದಲುಗಳು ಕರಡಿಗೆ ಆಹಾರ.

ಜನಜೀವನದೊಡನೆ ಸಂಬಂಧ

ಹಳ್ಳಿಗಳ ಗಾಯರಾಣ ಹಾಗೂ ಮಡ್ಡಿಗಳು ಕುರಿಗಾರರಿಗೆ ಮೇವಿನ ನೆಲೆ. ಸುಗ್ಗಿಯ ನಂತರ ಹೊಲದಲ್ಲಿ ಕುರಿ ನಿಲ್ಲಿಸುವ ಪದ್ಧತಿಯಿಂದ ಕಾಡಿನ ಮೇವು ಗೊಬ್ಬರವಾಗಿ ಹೊಲವನ್ನು ಸೇರುತ್ತದೆ. ಜಾಲಿಯ ಗಟ್ಟಿ ಕಟ್ಟಿಗೆ ಬಂಡಿ ಮತ್ತು ಒಕ್ಕಲುತನದ ಉಪಕರಣಗಳಿಗೂ, ತಂಗಡಿಯ ತೊಗಟೆ ಚರ್ಮ ಹದಮಾಡುವುದಕ್ಕೂ ಬಳಕೆಯಾಗುತ್ತಿತ್ತು. ವಿಜಯದಶಮಿಯಂದು ಬನ್ನಿಯನ್ನು ಪೂಜಿಸಿ ಅದರ ಎಲೆಗಳನ್ನು ಬಂಗಾರವೆಂದು ಹಂಚಿಕೊಳ್ಳುವ ವಾಡಿಕೆ ಉತ್ತರ ಕರ್ನಾಟಕದಾದ್ಯಂತ ಇದೆ. ಹೊಲದ ಬದುವಿನಲ್ಲಿಯೂ ಗುಡಿಯ ಬಳಿಯಲ್ಲಿಯೂ ಹಳೆಯ ಬನ್ನಿಮರಗಳು ಉಳಿದುಬರಲು ಈ ಗೌರವವೂ ಒಂದು ಕಾರಣ.

ಅಪಾಯಗಳು

ಈ ಕಾಡಿಗೆ ಒದಗಿರುವ ಮೊದಲನೆಯ ತೊಡಕು ಅದರ ಹೆಸರಿನಲ್ಲಿಯೇ ಇದೆ. ಕಂದಾಯದ ಭಾಷೆಯಲ್ಲಿ ಇದರ ಬಹುಭಾಗ ಬಂಜರು ಅಥವಾ ಪಾಳುಭೂಮಿ. ಕೇಂದ್ರ ಸರಕಾರ ಪ್ರಕಟಿಸುವ ಪಾಳುಭೂಮಿ ನಕ್ಷೆಗಳಲ್ಲಿಯೂ ಕುರುಚಲು ನೆಲವನ್ನು ಅದೇ ಗುಂಪಿಗೆ ಸೇರಿಸಲಾಗಿದೆ. ಉಪಯೋಗವಿಲ್ಲದ ನೆಲವೆಂಬ ಭಾವನೆಯಿಂದ ಅದನ್ನು ಗಣಿ, ಕಾರ್ಖಾನೆ, ವಿದ್ಯುತ್ ಸ್ಥಾವರ ಮತ್ತು ನೆಡುತೋಪುಗಳಿಗೆ ಒಪ್ಪಿಸುವುದು ಸುಲಭವಾಗುತ್ತದೆ.

ಎರಡನೆಯದು ಬಳ್ಳಾರಿ ಜಾಲಿ. ಅಮೆರಿಕ ಖಂಡಗಳ ಮೂಲದ ಈ ಮರವನ್ನು ಉರುವಲಿಗಾಗಿ 1870ರ ದಶಕದಲ್ಲಿ ಭಾರತಕ್ಕೆ ತರಲಾಯಿತು. ಇದರ ಸಿಹಿಯಾದ ಕಾಯಿಗಳನ್ನು ದನಕರು, ಆಡುಗಳು ತಿಂದು ಸಗಣಿ, ಹಿಕ್ಕೆಗಳ ಮೂಲಕ ಬೀಜವನ್ನು ಹರಡುತ್ತವೆ. ಕಡಿದಷ್ಟೂ ಬುಡದಿಂದ ಚಿಗುರುತ್ತದೆ. ಅದರ ದಟ್ಟ ಮೆಳೆಯ ಕೆಳಗೆ ಹುಲ್ಲು ಹಾಗೂ ಸ್ಥಳೀಯ ಸಸಿಗಳು ಏಳುವುದಿಲ್ಲ. ಬಡವರ ಮನೆಯ ಒಲೆಗೆ ಸೌದೆಯಾಗಿ, ಇದ್ದಿಲಾಗಿ ಅದು ಒದಗುತ್ತಿರುವುದರಿಂದ ಅದನ್ನು ನಿರ್ಮೂಲ ಮಾಡುವ ಪ್ರಶ್ನೆ ಸರಳವಾದುದಲ್ಲ.

ಮೂರನೆಯದು ಹೊಂದದ ಮರಗಳ ನೆಡುವಿಕೆ. ರಾಣೇಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದಲ್ಲಿ ನೀಲಗಿರಿ ತೋಪು ಬೆಳೆದಂತೆ ತೆರೆದ ಬಯಲು ಕಿರಿದಾಯಿತು. ಬಯಲನ್ನೇ ಅವಲಂಬಿಸಿದ ಎರ್ಲಡ್ಡು ಅಲ್ಲಿಂದ ಕಾಣೆಯಾಯಿತು. ರಾಜ್ಯದಲ್ಲಿ ಈ ಹಕ್ಕಿಗೆ ಉಳಿದಿರುವ ನೆಲೆ ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ಭಾಗ. ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟವು 2011ರಲ್ಲಿ ಇದನ್ನು ತೀವ್ರ ಅಪಾಯಕ್ಕೊಳಗಾದ ಪ್ರಭೇದಗಳ ಪಟ್ಟಿಗೆ ಸೇರಿಸಿತು.

ಸಂರಕ್ಷಣೆ

ತೋಳ, ಕೃಷ್ಣಮೃಗ, ಚಿಂಕಾರ ಮತ್ತು ಎರ್ಲಡ್ಡು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಕರ್ನಾಟಕದಲ್ಲಿ ಒಣಕಾಡು ಹಾಗೂ ಕುರುಚಲು ಕಾಡುಗಳನ್ನು ಒಳಗೊಂಡ ಕೆಲವು ಸಂರಕ್ಷಿತ ಪ್ರದೇಶಗಳು ಇವು:

• ರಾಣೇಬೆನ್ನೂರು ಕೃಷ್ಣಮೃಗ ಅಭಯಾರಣ್ಯ, ಹಾವೇರಿ ಜಿಲ್ಲೆ – 1974
• ದರೋಜಿ ಕರಡಿಧಾಮ, ಹಂಪಿಯ ಸಮೀಪ – 1994
• ಯಡಹಳ್ಳಿ ಚಿಂಕಾರ ವನ್ಯಜೀವಿಧಾಮ, ಬಾಗಲಕೋಟೆ ಜಿಲ್ಲೆ – 2016
• ಕಪ್ಪತಗುಡ್ಡ ವನ್ಯಜೀವಿಧಾಮ, ಗದಗ ಜಿಲ್ಲೆ – 2019

ಮುಳ್ಳುಕಾಡಿನ ಪುನಶ್ಚೇತನದಲ್ಲಿ ಹೊಸ ಸಸಿ ನೆಡುವುದಕ್ಕಿಂತ ಮೊದಲು ಗಮನಿಸಬೇಕಾದ ಸಂಗತಿಗಳಿವೆ. ಮೇವನ್ನು ಸರದಿಯಂತೆ ಬಳಸುವುದು, ಬಳ್ಳಾರಿ ಜಾಲಿಯನ್ನು ಬೇರುಸಹಿತ ತೆಗೆಯುವುದು, ಬುಡದಿಂದ ತಾನಾಗಿ ಚಿಗುರುವ ಬಾರಿ, ಜಾಲಿ, ಕಗ್ಗಲಿಗಳಿಗೆ ಕಾವಲು ಒದಗಿಸುವುದು ಅವುಗಳಲ್ಲಿ ಮುಖ್ಯವಾದವು. ಮರಗಳ ನಡುವಿನ ಹುಲ್ಲುಬಯಲೂ ಈ ಕಾಡಿನ ಅಂಗವಾದ್ದರಿಂದ ಅದನ್ನೂ ಬಯಲಾಗಿಯೇ ಉಳಿಸಬೇಕಾಗುತ್ತದೆ.