ಅಮೆರಿಕದಲ್ಲಿ ಮೆಟ್ರಿಕ್ ಅಳತೆ: 1866ರ ಹಕ್ಕು ಮತ್ತು ಅದರ ಮಿತಿ

ಅಮೆರಿಕ ಸಂಯುಕ್ತ ಸಂಸ್ಥಾನವು ಮೆಟ್ರಿಕ್ ಪದ್ಧತಿಯನ್ನು ತಿರಸ್ಕರಿಸಿದ ದೇಶವೆಂಬ ನಂಬಿಕೆ ವ್ಯಾಪಕವಾಗಿದೆ. ಕಾನೂನು ಹೇಳುವುದು ಬೇರೆ. 1866ರ ಜುಲೈ 28ರಂದು ಅಧ್ಯಕ್ಷ ಆಂಡ್ರ್ಯೂ ಜಾನ್ಸನ್ ಅಂಕಿತ ಹಾಕಿದ ಕಾಯ್ದೆಯು ದೇಶದಾದ್ಯಂತ ಮೆಟ್ರಿಕ್ ಅಳತೆ, ತೂಕಗಳ ಬಳಕೆಯನ್ನು ಕಾನೂನುಬದ್ಧಗೊಳಿಸಿತು. ಮೆಟ್ರಿಕ್ ಮಾನಗಳನ್ನು ಬಳಸಲಾಗಿದೆ ಎಂಬ ಕಾರಣಕ್ಕೆ ಯಾವುದೇ ಕರಾರು, ವ್ಯವಹಾರ ಅಥವಾ ನ್ಯಾಯಾಲಯಕ್ಕೆ ಸಲ್ಲಿಸಿದ ವಾದಪತ್ರವು ಅಸಿಂಧುವಾಗದು, ಆಕ್ಷೇಪಣೆಗೂ ಗುರಿಯಾಗದು ಎಂದೂ ಅದು ವಿಧಿಸಿತು. ಫೆಡರಲ್ ಕಾನೂನು ಸಂಹಿತೆಯ 15ನೇ ಶೀರ್ಷಿಕೆಯ 204ನೇ ಕಲಮಿನಲ್ಲಿ ಈ ನಿಯಮ ಇಂದಿಗೂ ಉಳಿದಿದೆ.

ಆದ್ದರಿಂದ ಬಾಡಿಗೆ ಕರಾರಿನಲ್ಲಿ ಮನೆಯ ವಿಸ್ತೀರ್ಣವನ್ನು ಚದರ ಮೀಟರ್‌ಗಳಲ್ಲಿ ನಮೂದಿಸಿದವನ ಪತ್ರವು ಆ ಒಂದೇ ಕಾರಣಕ್ಕೆ ಬಿದ್ದುಹೋಗುವುದಿಲ್ಲ.

ಆದರೆ ಇದು ಬರೆಯುವವನಿಗೆ ದತ್ತವಾದ ಅನುಮತಿ; ಪತ್ರವನ್ನು ಸ್ವೀಕರಿಸುವ ಕಚೇರಿಯು ತನ್ನ ನಮೂನೆಯನ್ನು ಬದಲಿಸಬೇಕೆಂದು ಕಾಯ್ದೆ ಹೇಳುವುದಿಲ್ಲ. ಗ್ರೀನ್ ಕಾರ್ಡ್ ಕೋರುವ ಐ-485 ಅರ್ಜಿಯು ಎತ್ತರವನ್ನು ಅಡಿ, ಅಂಗುಲಗಳಲ್ಲಿಯೂ ತೂಕವನ್ನು ಪೌಂಡ್‌ಗಳಲ್ಲಿಯೂ ಕೇಳುತ್ತದೆ. ಎತ್ತರವನ್ನು ಊರಿನಲ್ಲಿಯೂ ಅಡಿಗಳಲ್ಲೇ ಹೇಳುವ ಕನ್ನಡಿಗನಿಗೆ ಮೊದಲನೆಯದು ತೊಡಕಲ್ಲ. 70 ಕಿಲೋಗ್ರಾಂ ಎಂದರೆ ಸುಮಾರು 154 ಪೌಂಡ್ ಎಂದು ಲೆಕ್ಕ ಹಾಕುವುದಷ್ಟೇ ಕೆಲಸ. ವಿಚಿತ್ರವೆಂದರೆ, ಆ ಪೌಂಡ್ ಕೂಡ ಕಿಲೋಗ್ರಾಮಿನ ಆಶ್ರಿತ. 1893ರ ಆದೇಶವೊಂದು ಗಜ ಹಾಗೂ ಪೌಂಡ್‌ಗಳಿಗೆ ಮೀಟರ್, ಕಿಲೋಗ್ರಾಂಗಳನ್ನೇ ಆಧಾರವಾಗಿಸಿತು. 1959ರಿಂದ ಒಂದು ಪೌಂಡ್ ಎಂದರೆ ನಿಖರವಾಗಿ 0.45359237 ಕಿಲೋಗ್ರಾಂ.

1975ರ ಪರಿವರ್ತನಾ ಕಾಯ್ದೆಯು ಬದಲಾವಣೆಯನ್ನು ಐಚ್ಛಿಕವಾಗಿಯೇ ಇರಿಸಿತು. ಅದರನ್ವಯ ರಚಿತವಾದ ಮಂಡಳಿಯು 1982ರಲ್ಲಿ ರದ್ದಾಯಿತು. 1988ರ ತಿದ್ದುಪಡಿಯು ವ್ಯಾಪಾರ, ವಾಣಿಜ್ಯಗಳಿಗೆ ಮೆಟ್ರಿಕ್ ಪದ್ಧತಿಯೇ ಆದ್ಯತೆಯದು ಎಂದು ಘೋಷಿಸಿತಾದರೂ ನಾಗರಿಕರನ್ನು ಬಂಧಿಸಲಿಲ್ಲ. ಗ್ರಾಹಕರಿಗೆ ಮಾರುವ ಬಹುತೇಕ ಪೊಟ್ಟಣಗಳ ಮೇಲೆ ಎರಡೂ ಮಾನಗಳು ಇರಲೇಬೇಕು. ಅಂದರೆ ಕರಾರಿಗೆ ಮೆಟ್ರಿಕ್ ಒಂದೇ ಸಾಕಾದರೂ ಬಿಸ್ಕತ್ತಿನ ಪೊಟ್ಟಣಕ್ಕೆ ಸಾಲದು.

ಭಾರತದಲ್ಲಿ ಮೆಟ್ರಿಕ್ ಬಳಕೆ ಐಚ್ಛಿಕ ಹಕ್ಕಲ್ಲ, ಕರ್ತವ್ಯ. 1956ರ ಕಾಯ್ದೆಯಿಂದ ಆರಂಭವಾದ ಬದಲಾವಣೆ ಈಗ 2009ರ ಕಾನೂನುಬದ್ಧ ಮಾಪನಶಾಸ್ತ್ರ ಕಾಯ್ದೆಯಡಿ ಬರುತ್ತದೆ. 2011ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಈ ಕಾಯ್ದೆಯ ಪ್ರಕಾರ ದರಪಟ್ಟಿ, ಬಿಲ್ಲುಗಳಲ್ಲಿ ಪ್ರಮಾಣಿತ ಮಾನಗಳನ್ನೇ ಬಳಸಬೇಕು. ಆದರೂ ಕರ್ನಾಟಕದ ಪಹಣಿಯಲ್ಲಿ ಎಕರೆ, ಗುಂಟೆಗಳೇ ನಿಂತಿವೆ. ಬೆಂಗಳೂರಿನ ನಿವೇಶನ ಇಂದಿಗೂ 30 ಅಡಿ, 40 ಅಡಿ.